ಗರ್ಭಕೊರಳಿನ ಕ್ಯಾನ್ಸರ್: ಸಂಶೋಧನೆ ಹಳ್ಳಿಗೇಕೆ ಬರಬೇಕು?

ಟಿ. ನರಸೀಪುರದ ಕಡೆ ಗದ್ದೆ ನಾಟಿಗೆ ಹೋಗುವ, ಐವತ್ತು ದಾಟಿದ ತಾಯಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಮುಟ್ಟು ನಿಂತು ಮೂರು ವರ್ಷವಾಗಿದೆ. ಈಗ ಮತ್ತೆ ರಕ್ತ ಕಾಣಿಸಿದೆ. ‘ಉಷ್ಣವಾಗಿರಬೇಕು’ ಎಂದು ಜೀರಿಗೆ ನೀರು ಕುಡಿಯುತ್ತಾರೆ. ಮಗನಿಗೆ ಹೇಳಲು ನಾಚಿಕೆ. ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ನಷ್ಟ. ಹೀಗೇ ಆರು ತಿಂಗಳು ಕಳೆದುಹೋಗುತ್ತದೆ. ಇಂಥವರು ನಿಮ್ಮ ಮನೆಯಲ್ಲೇ ಇರಬಹುದು.

ಗರ್ಭಕೋಶದ ಬಾಯಿಯ ಭಾಗವೇ ಗರ್ಭಕೊರಳು. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ, ಆ ಒಂದು ವರ್ಷದಲ್ಲಿ ಭಾರತದ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಭಾಗದ ಕ್ಯಾನ್ಸರ್ ಕಾಣಿಸಿಕೊಂಡಿತು. ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಇದು ಬಹುಮಟ್ಟಿಗೆ ತಡೆಯಬಹುದಾದ ರೋಗ ಎಂಬುದೇ ದುಃಖದ ಸಂಗತಿ.

ಕಾರಣವೇನು?

ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಇದಕ್ಕೆ ಮುಖ್ಯ ಕಾರಣ. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಇದನ್ನು ಕಂಡುಹಿಡಿದು 2008ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಬಹಳ ಸಾಮಾನ್ಯ. ಇದು ಯಾರ ನಡತೆಗೂ ಕಳಂಕವಲ್ಲ. ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಉಳಿದುಕೊಂಡು, ಸಾಮಾನ್ಯವಾಗಿ 15ರಿಂದ 20 ವರ್ಷಗಳಲ್ಲಿ ಕ್ಯಾನ್ಸರಾಗಿ ಬೆಳೆಯುತ್ತದೆ. ಈ ದೀರ್ಘ ಅವಧಿಯೇ ನಮಗೆ ಸಿಗುವ ಅವಕಾಶ.

ಹಳ್ಳಿಗಳು ಕಲಿಸಿದ ಪಾಠ

ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1999ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. ಅದರಲ್ಲಿ 30ರಿಂದ 59 ವಯಸ್ಸಿನ 1,31,746 ಮಹಿಳೆಯರಿದ್ದರು. ಎಂಟು ವರ್ಷಗಳಲ್ಲಿ, ಪರೀಕ್ಷೆ ಇಲ್ಲದ ಗುಂಪಿನಲ್ಲಿ 64 ಮಂದಿ ಈ ಕ್ಯಾನ್ಸರಿನಿಂದ ಸತ್ತರೆ, ಒಮ್ಮೆ ಎಚ್‌ಪಿವಿ ಪರೀಕ್ಷೆ ನೀಡಿದ ಗುಂಪಿನಲ್ಲಿ ಸತ್ತವರು 34. ಪರೀಕ್ಷೆಯೇ ಇಲ್ಲದ ಗುಂಪನ್ನು ಇಟ್ಟದ್ದು ಸರಿಯೇ ಎಂಬ ಟೀಕೆಯೂ ಮುಂದೆ ಕೇಳಿಬಂತು. ಮುಂಬೈಯ ಕೊಳೆಗೇರಿಗಳ ಅಧ್ಯಯನದಲ್ಲಿ, ವಿನೆಗರ್‌ನಲ್ಲಿರುವ ಆಮ್ಲವನ್ನೇ ಗರ್ಭಕೊರಳಿಗೆ ಹಚ್ಚಿ, ಬೆಳ್ಳಗಾಗುವ ಭಾಗವನ್ನು ಗುರುತಿಸಲು ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸಲಾಯಿತು. ಇದರಿಂದ ಸಾವು ನೂರಕ್ಕೆ 31ರಷ್ಟು ತಗ್ಗಿತು.

ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಎಂದಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಪರೀಕ್ಷೆ ಇದೆ; ಅದು ಆ ತಾಯಿಯ ಮನೆ ಬಾಗಿಲಿಗೆ ತಲುಪಿಲ್ಲ. ಹೇಗೆ ತಲುಪಿಸುವುದು? ಇಂದಿನ ಸಂಶೋಧನೆಯ ದೊಡ್ಡ ಪ್ರಶ್ನೆ ಇದು.

ಈ ಪ್ರಶ್ನೆಯ ಮೇಲೆ ನಮ್ಮ ಜಿಲ್ಲೆಯಲ್ಲೇ ಕೆಲಸ ನಡೆದಿದೆ. ಮೈಸೂರಿನಲ್ಲಿ ಓದಿ, ಅಮೆರಿಕದಲ್ಲಿ ಉನ್ನತ ಶಿಕ್ಷಣ ಪಡೆದ ಡಾ. ಪೂರ್ಣಿಮಾ ಮಾಧಿವಣನ್ ಅವರು ಮೈಸೂರಿನಲ್ಲಿ ಸಾರ್ವಜನಿಕ ಆರೋಗ್ಯ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದರು. ಹಳ್ಳಿಯ ಮಹಿಳೆ ತಾನೇ ಮರೆಯಲ್ಲಿ ಮಾದರಿ ತೆಗೆದುಕೊಟ್ಟರೆ, ಅದು ವೈದ್ಯರು ತೆಗೆದ ಮಾದರಿಗೆ ಹೊಂದುತ್ತದೆಯೇ, ಆಕೆಗೆ ಒಪ್ಪಿಗೆಯಾಗುತ್ತದೆಯೇ ಎಂದು ಅವರ ತಂಡ ಪರಿಶೀಲಿಸಿ, 2021ರಲ್ಲಿ ವರದಿ ಪ್ರಕಟಿಸಿತು. ನಾಚಿಕೆಯೂ ಸಂಶೋಧನೆಯ ವಿಷಯವಾಗಬಲ್ಲದು!

ನಿಮ್ಮ ಮಗಳು ಸಂಶೋಧಕಿಯಾಗಬೇಕೆ?

ನಂಜನಗೂಡಿನಲ್ಲೋ ನರಸೀಪುರದಲ್ಲೋ ಪಿ.ಯು.ಸಿ. ಓದುತ್ತಿರುವ ಹುಡುಗಿಗೂ ಈ ದಾರಿ ತೆರೆದಿದೆ. ವೈದ್ಯೆಯಾದವರು ಸ್ತ್ರೀರೋಗ ವಿಭಾಗದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಸ್ತ್ರೀ ಕ್ಯಾನ್ಸರ್‌ಗಳಲ್ಲಿ ಎಂ.ಸಿಎಚ್. ಮಾಡಬಹುದು, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಈ ಶಿಕ್ಷಣವಿದೆ. ನರ್ಸಿಂಗ್, ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಸಮಾಜಕಾರ್ಯ ಓದಿದವರೂ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯ ಮೂಲಕ ಈ ಕ್ಷೇತ್ರಕ್ಕೆ ಬರಬಹುದು. ಉಳಿದಿರುವ ಕೆಲಸ ಬೇಕಾದಷ್ಟಿದೆ. ಅಂಡಾಶಯದ ಕ್ಯಾನ್ಸರನ್ನು ಮೊದಲೇ ಪತ್ತೆಮಾಡಿ ಜೀವ ಉಳಿಸುವ ಸಾಮೂಹಿಕ ಪರೀಕ್ಷೆ ಇನ್ನೂ ಸಿಕ್ಕಿಲ್ಲ.

ಇಲ್ಲಿ ಮೊದಲು ಕಲಿಯಬೇಕಾದದ್ದು, ಎದುರಿನ ಮಹಿಳೆಗೆ ಅರ್ಥವಾಗುವ ಮಾತಿನಲ್ಲಿ ವಿವರಿಸಿ ಒಪ್ಪಿಗೆ ಪಡೆಯುವುದನ್ನು. ನಮ್ಮೂರಿನ ಮಾತು ಬಲ್ಲ ಹುಡುಗಿಗೆ ಇದು ಸುಲಭ.

ಇಂದೇ ಮಾಡಬೇಕಾದದ್ದು

ಮುಟ್ಟು ನಿಂತ ಮೇಲೆ ರಕ್ತ, ಸಂಭೋಗದ ನಂತರ ರಕ್ತ, ದುರ್ವಾಸನೆಯ ಬಿಳಿಸೆರಗು, ವಾರಗಟ್ಟಲೆ ಉಳಿಯುವ ಹೊಟ್ಟೆ ಉಬ್ಬರ – ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರನ್ನು ಕಾಣಿರಿ. ಎಲ್ಲವೂ ಕ್ಯಾನ್ಸರಲ್ಲ, ಆದರೆ ಪರೀಕ್ಷಿಸದೆ ತಿಳಿಯದು. ಯಾವ ತೊಂದರೆಯೂ ಇಲ್ಲದಿದ್ದರೂ 30 ದಾಟಿದವರು ಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ. ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಬಳಿ ವಿಚಾರಿಸಿ. 9ರಿಂದ 14 ವಯಸ್ಸಿನ ಹೆಣ್ಣುಮಕ್ಕಳಿಗೆ ಲಸಿಕೆ ಕೊಡಿಸುವ ಬಗ್ಗೆಯೂ ಕೇಳಿ. ಲಸಿಕೆ ಪಡೆದವರಿಗೂ ಮುಂದೆ ಪರೀಕ್ಷೆ ಬೇಕೇಬೇಕು.

ಗಂಡಸರಿಗೂ ಒಂದು ಮಾತು. ಅಮ್ಮನೋ ಹೆಂಡತಿಯೋ ‘ಏನಿಲ್ಲ, ಉಷ್ಣ’ ಎಂದಾಗ ಸುಮ್ಮನಾಗಬೇಡಿ. ಒಂದು ದಿನದ ಕೂಲಿ ಹೋದರೆ ಮತ್ತೆ ದುಡಿಯಬಹುದು.