ಬಚ್ಚಲ ಪೈಪು ಯಾರ ಲೆಕ್ಕ?

ನೀವು ಕಳಿಸಿದ ಫೋಟೊ ನೋಡಿದೆ. ಬಚ್ಚಲಿನ ಆಚೆ ಬದಿಯ ಗೋಡೆ ಉಬ್ಬಿ, ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿದೆ. ಗೋಡೆಯೊಳಗಿನ ಪೈಪು ಸೋರಿದ್ದಾದರೆ ಖರ್ಚು ಓನರ್‌ದೇ. ನಿಮ್ಮ ಕೆಟ್ಟಿರುವ ಗೀಸರ್ ಕಥೆ ಬೇರೆ. ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಬೋರ್‌ವೆಲ್, ಟ್ಯಾಂಕರ್ ನೀರಿಗೆ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದು ಮಾಮೂಲು. 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಗೀಸರ್, ನಲ್ಲಿ, ಸ್ವಿಚ್ಚಿನ ರಿಪೇರಿ ಬಾಡಿಗೆದಾರರ ಪಾಲು. ಪೈಪು ಬದಲಾವಣೆ, ವೈರಿಂಗ್, ಸುಣ್ಣಬಣ್ಣ ಮಾಲೀಕರ ಪಾಲು. ಆದರೆ ಅದು ಮಾದರಿಯಷ್ಟೇ. ಮೊದಲು ನಿಮ್ಮ ಕರಾರುಪತ್ರ ತೆಗೆದು ಓದಿ; ಬೇರೆ ಷರತ್ತಿಗೆ ಸಹಿ ಹಾಕಿದ್ದರೆ ವಾದ ಕಷ್ಟ.

ರಿಪೇರಿ ಖರ್ಚನ್ನು ಬಾಡಿಗೆಯಲ್ಲೇ ಮುರಿದುಕೊಳ್ಳಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಆ ಹಕ್ಕು ಕೊಡುತ್ತದೆ, ನಿಜ. ಆದರೆ ಮಾಲೀಕರೇ ಮಾಡಿಸಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದಾಗ ಮಾತ್ರ. ನೀವು ಫೋನಿನಲ್ಲಿ ಕೂಗಾಡಿದ್ದೀರಿ, ಬರೆದು ಕೊಟ್ಟಿಲ್ಲ. ಫೋಟೊ, ಪ್ಲಂಬರ್‌ನ ಅಂದಾಜು ಸೇರಿಸಿ ಇವತ್ತೇ ವಾಟ್ಸಾಪ್, ಇಮೇಲ್ ಎರಡರಲ್ಲೂ ಕಳಿಸಿ, 15 ದಿನ ಗಡುವು ಕೊಡಿ. ಆಮೇಲೂ ಮಾಡಿಸದಿದ್ದರೆ ನೀವೇ ಮಾಡಿಸಿ ಮುರಿದುಕೊಳ್ಳಿ; ಬಿಲ್ಲು ಜೋಪಾನ.