ಐದು ತಾಲ್ಲೂಕಿನ ಬ್ಯಾನರ್ ಅಂಗಡಿಗೆ ಯಾವ ಇಂಕ್?

ಭರತ ಹುಣ್ಣಿಮೆ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಪ್ರಿಂಟಿಂಗ್ ಅಂಗಡಿಗಳಿಗೆ ನಿದ್ದೆಯಿಲ್ಲ. ಮೈಲಾರದ ಕಾರ್ಣಿಕ, ಕುರುವತ್ತಿ ಜಾತ್ರೆ, ಕೊಟ್ಟೂರೇಶ್ವರನ ತೇರು, ನಡುವೆ ಮದುವೆ, ಹುಟ್ಟುಹಬ್ಬ, ಶ್ರದ್ಧಾಂಜಲಿ. ಈ ಹಂಗಾಮು ನೋಡಿ ಹೊಸ ಯಂತ್ರ ಹಾಕಲು ಹೊರಟವರು ಮೊದಲು ಯಂತ್ರದ ಬೆಲೆ ಕೇಳುತ್ತಾರೆ. ಕೇಳಬೇಕಾದದ್ದು ಇಂಕಿನ ಜಾತಕ.

1. ಕಾನೂನಿನಿಂದ ಶುರು ಮಾಡಿ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಫ್ಲೆಕ್ಸ್ ಮತ್ತು ಪ್ಲಾಸ್ಟಿಕ್ ಬ್ಯಾನರ್ ನಿಷೇಧಿಸಿದೆ. ಬೀದಿಯಲ್ಲಿ ಈಗಲೂ ತೂಗುತ್ತಿವೆ, ನಿಜ. ಆದರೆ ಅಧಿಕಾರಿ ಬಿಗಿ ಮಾಡಿದ ದಿನ ಕಂತು ಕಟ್ಟಬೇಕಾದವರು ನೀವು. ಫ್ಲೆಕ್ಸ್ ಒಂದನ್ನೇ ನಂಬಿ ಹೊಸ ಸಾಲ ಮಾಡುವುದು ಜಾಣತನ ಅಂತ ನನಗಂತೂ ಅನ್ನಿಸುವುದಿಲ್ಲ. ಬಟ್ಟೆಗೂ ಹಿಡಿಯುವ ಇಂಕ್ ಯಾವುದು ಎಂಬಲ್ಲಿಂದ ಲೆಕ್ಕ ಹಾಕಿ.

2. ಬಟ್ಟೆ ಎಂದರೆ ಯಾವ ಬಟ್ಟೆ? ಸಬ್ಲಿಮೇಷನ್ ಇಂಕ್ ಪಾಲಿಯೆಸ್ಟರ್‌ಗೆ ಮಾತ್ರ ಕೂರುತ್ತದೆ. ಸುಮಾರು 200 ಡಿಗ್ರಿ ಶಾಖದಲ್ಲಿ ಬಣ್ಣ ಆವಿಯಾಗಿ ನೂಲಿನೊಳಗೇ ಇಳಿಯುತ್ತದೆ. ಬಾವುಟ, ಜೆರ್ಸಿ, ವೇದಿಕೆಯ ಹಿಂದಿನ ಪರದೆಗೆ ಅದರಷ್ಟು ಚೆಂದ ಬೇರೆ ಇಲ್ಲ. ಅದನ್ನೇ ಹತ್ತಿ ಬಟ್ಟೆಗೆ ಹಾಕಿದರೆ ಮಸುಕು ಮಸುಕು, ತೊಳೆದರೆ ಅದೂ ಇಲ್ಲ. ಹತ್ತಿಗೆ ಪಿಗ್ಮೆಂಟ್ ಇಂಕ್ ಬೇಕು. ಲ್ಯಾಟೆಕ್ಸ್ ಕೂಡ ನಡೆಯುತ್ತದೆ. ಒಂದು ನೆನಪಿರಲಿ, ಪಾಲಿಯೆಸ್ಟರ್ ಸಹ ಪ್ಲಾಸ್ಟಿಕ್ ನೂಲೇ. ‘ಪ್ಲಾಸ್ಟಿಕ್ ಇಲ್ಲದ ಬ್ಯಾನರ್ ಕೊಡ್ರಿ’ ಅಂತ ಪಂಚಾಯ್ತಿಯವರು ಕೇಳಿದರೆ ಹತ್ತಿಯನ್ನೇ ಕೊಡಿ.

3. ಎಷ್ಟು ದಿನ ತೂಗಬೇಕು ಅಂತ ಕೇಳಿ. ಜಾತ್ರೆಯ ಸ್ವಾಗತ ಫಲಕ ವಾರ ಬಾಳಿದರೆ ಸಾಕು, ಗೊಬ್ಬರದಂಗಡಿಯ ಬೋರ್ಡು ವರ್ಷಗಟ್ಟಲೆ ಬಿಸಿಲು ಕಾಯಬೇಕು. ಹೊರಗಿನ ಬಿಸಿಲಿಗೆ ಸಾಮಾನ್ಯವಾಗಿ ಮೊದಲು ಸೋಲುವುದು ಹಳದಿ ಮತ್ತು ಕೆಂಪು. ಹೆದ್ದಾರಿ ಬದಿಯ ಹಳೇ ಬೋರ್ಡುಗಳಲ್ಲಿ ನಾಯಕರೆಲ್ಲ ನೀಲಿಗಟ್ಟಿ ನಿಂತಿರುವುದು ಇದಕ್ಕೇ. ಅಗ್ಗದ ಇಂಕಿನ ಬಣ್ಣ ಇನ್ನೂ ಬೇಗ ಹೋಗುತ್ತದೆ. ವರ್ಷಗಟ್ಟಲೆ ಇರಬೇಕಾದ ವಿನೈಲ್‌ಗೆ ಒಳ್ಳೆಯ ಇಕೋ ಸಾಲ್ವೆಂಟ್ ಅಥವಾ ಲ್ಯಾಟೆಕ್ಸ್, ಮೇಲೆ ಲ್ಯಾಮಿನೇಷನ್.

4. ಅವಸರದ ಕೆಲಸಕ್ಕೆ ಬಾಯಿ ಬಿಗಿಹಿಡಿಯಿರಿ. ಸಾಲ್ವೆಂಟ್, ಇಕೋ ಸಾಲ್ವೆಂಟ್ ಇಂಕಿನ ವಿನೈಲ್ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯೇ. ಕನಿಷ್ಠ 24 ಗಂಟೆ ಬಿಡದೆ ಲ್ಯಾಮಿನೇಷನ್ ಹಾಕಿದರೆ ಅಂಟು ಮೆತ್ತಗಾಗಿ ಅಂಚು ಏಳುತ್ತದೆ. ಲ್ಯಾಟೆಕ್ಸ್, ಯುವಿ ಇಂಕಿಗೆ ಈ ಕಾಯುವಿಕೆ ಇಲ್ಲ. ‘ಸಂಜೆಗೇ ಬೇಕು’ ಅನ್ನುವ ಗಿರಾಕಿಗಳೇ ಹೆಚ್ಚಿದ್ದರೆ ಇದು ದೊಡ್ಡ ವ್ಯತ್ಯಾಸ.

5. ಹೊಗೆ, ಶಾಖ, ಬೆಂಕಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಸ್ವಲ್ಪ ಹೆಚ್ಚು ಹೇಳುತ್ತೇನೆ. ಗಾಢ ಸಾಲ್ವೆಂಟ್ ಇಂಕುಗಳಲ್ಲಿ ಬಳಸುವ ಸೈಕ್ಲೋಹೆಕ್ಸನೋನ್ ಎಂಬ ದ್ರಾವಕ ಸುಮಾರು 44 ಡಿಗ್ರಿಯಲ್ಲಿ ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನೊಳಗೆ ಆ ಶಾಖ ಅಪರೂಪವೇನಲ್ಲ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಎಕ್ಸಾಸ್ಟ್ ಫ್ಯಾನನ್ನು ಮಾಡಿನ ಹತ್ತಿರ ಮಾತ್ರ ಕೂರಿಸಿದರೆ ಪ್ರಯೋಜನ ಕಡಿಮೆ, ಕೆಳಗೂ ಗಾಳಿ ಹೊರಹೋಗಬೇಕು. ಬೆಳಗಿನ ಊದುಬತ್ತಿ, ಆಯುಧಪೂಜೆಯ ಕರ್ಪೂರ ಯಂತ್ರದ ಕೋಣೆಯಿಂದ ಹೊರಗಿರಲಿ. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟವರು, ಮಕ್ಕಳು ಓಡಾಡುವವರು, ಗಾಢ ಸಾಲ್ವೆಂಟ್ ಕೈಬಿಡಿ. ಇಕೋ ಸಾಲ್ವೆಂಟಿನ ವಾಸನೆ ಕಡಿಮೆ, ಅಂತ ಅದಕ್ಕೆ ಗಾಳಿ ಬೇಡವೆಂದಲ್ಲ.

6. ಯುವಿಗೆ ಗಟ್ಟಿ ಕೆಲಸ ಇದೆಯೇ? ಯುವಿ ಇಂಕ್ ದೀಪದ ಬೆಳಕಿಗೆ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಸನ್‌ಬೋರ್ಡ್, ಅಕ್ರಿಲಿಕ್, ಮರ, ಟೈಲ್ಸ್ ಎಲ್ಲಕ್ಕೂ ಸೈ, ಗಾಜು, ಹೊಳಪಿನ ಟೈಲ್ಸಿಗೆ ಪ್ರೈಮರ್ ಬೇಕಾದೀತು. ಗಟ್ಟಿ ಇಂಕನ್ನು ಮಡಿಚುವ ಬ್ಯಾನರಿಗೆ ಹಾಕಿದರೆ ಮಡಿಕೆಯಲ್ಲಿ ಬಿರುಕು. ಒಂದು ತಾಲ್ಲೂಕಿನ ಕೆಲಸ ಇದಕ್ಕೆ ಸಾಲುವುದು ಕಷ್ಟ. ಹೊಸಪೇಟೆ, ದಾವಣಗೆರೆಗೆ ಕಳಿಸಿ ಮಾಡಿಸಿಕೊಳ್ಳುವುದೇ ಸದ್ಯಕ್ಕೆ ಲಾಭ.

7. ಕರೆಂಟು, ಧೂಳು. ಲ್ಯಾಟೆಕ್ಸ್ ನೀರಿನ ಇಂಕ್, ವಾಸನೆ ಬಹಳ ಕಡಿಮೆ. 2008ರಲ್ಲಿ ಎಚ್‌ಪಿ ಅದನ್ನು ಮಾರುಕಟ್ಟೆಗೆ ತಂದದ್ದರ ಹಿಂದೆ ಈ ಗುಣವೂ ಇತ್ತು. ಆದರೆ ನೀರನ್ನು ಶಾಖದಿಂದ ಒಣಗಿಸಬೇಕು, ಹಾಗಾಗಿ ಕರೆಂಟು ಹೆಚ್ಚು ತಿನ್ನುತ್ತದೆ. ನಡುವೆ ಕರೆಂಟು ಹೋದರೆ ಆ ತುಂಡು ಹಾಳು. ಯುಪಿಎಸ್ ಖರ್ಚನ್ನು ಮೊದಲೇ ಕೂಡಿಸಿ. ಬೇಸಿಗೆಯ ಒಣ ಗಾಳಿಗೆ ನೀರಿನ ಇಂಕ್ ಹೆಡ್ಡಿನ ತೂತುಗಳಲ್ಲೇ ಒಣಗುತ್ತದೆ, ಮೆಕ್ಕೆಜೋಳದ ಲಾರಿ ಓಡಾಡುವ ಬೀದಿಯ ಧೂಳು ಬೇರೆ. ಬಾಗಿಲು ಹಾಕಿಡುವ ಕೋಣೆ, ದಿನಾ ಒಂದು ನಾಝಲ್ ಚೆಕ್, ತಪ್ಪಿಸಬೇಡಿ.

8. ಇಂಕ್ ಬೆರೆಸಬೇಡಿ. ಸಾಲ್ವೆಂಟ್ ಓಡಿದ ಹೆಡ್ಡಿಗೆ ನೀರಿನ ಇಂಕ್ ಸುರಿದರೆ ಗಂಟುಕಟ್ಟಿ ಹೆಡ್ಡೇ ಹೋದೀತು. ಒಂದೇ ಬಗೆಯಲ್ಲೂ ಕಂಪನಿ ಬದಲಿಸುವಾಗ ಪೈಪು ತೊಳೆದು ಹಾಕಿ.

9. ಮಾದರಿ ಬಿಸಿಲಲ್ಲಿ ಇಡಿ. ಡೀಲರ್ ಕೊಡುವ ಹೊಳೆಯುವ ಚಿತ್ರ ನಂಬಬೇಡಿ. ನಿಮ್ಮದೇ ಫೈಲು ಕೊಡಿ: ಕುಂಕುಮದ ಕೆಂಪು, ಮುಖದ ಬಣ್ಣ, ಚಿಕ್ಕ ಕನ್ನಡ ಅಕ್ಷರ. ಒತ್ತಕ್ಷರ ತುಂಬಿಕೊಂಡಿದ್ದರೆ ಹನಿ ದಪ್ಪವಿದೆ ಎಂದರ್ಥ. ದೂರದಿಂದ ನೋಡುವ ಬ್ಯಾನರಿಗೆ ಸರಿ, ಆಮಂತ್ರಣದಂಥ ಹತ್ತಿರದ ಓದಿಗಲ್ಲ. ಆಮೇಲೆ ಅದನ್ನು ಅರ್ಧಕ್ಕೆ ಕತ್ತರಿಸಿ, ಒಂದು ತುಂಡು ಮಾಳಿಗೆಯ ಮೇಲೆ, ಇನ್ನೊಂದು ಬೀರುವಿನೊಳಗೆ. ತಿಂಗಳಾದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ, ಮುಂಗಡ ಆಮೇಲೆ ಕೊಡಿ.