ಅಜ್ಜಿಗೆ ಹೊಟ್ಟೆ ಸರಿಯಿಲ್ಲ

ಒಂದು ಮನೆ. ಆ ಮನೆಯಲ್ಲಿ 70 ವರ್ಷದ ಅಜ್ಜಿ. ಅಜ್ಜಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ದಿನಾ ಮಾತ್ರೆ ನುಂಗುತ್ತಾಳೆ. ಎರಡು ದಿನದಿಂದ ಅಜ್ಜಿ ಸರಿಯಾಗಿ ಉಂಡಿಲ್ಲ. ಹೊಟ್ಟೆ ಹಿಡಿದು ಮಲಗಿದ್ದಾಳೆ.

“ಯಾಕತ್ತೆ, ಹೊಟ್ಟೆ ನೋಯ್ತದಾ?” ಸೊಸೆ ಕೇಳಿದಳು.

“ನೋವೇನಿಲ್ಲ ಕಣವ್ವ. ಒಂಥರಾ ಭಾರ. ವಾಯು ಇರಬೇಕು. ಓಮದ ನೀರು ಕೊಡು, ಸಾಕು.”

ಸಂಜೆ ಅಜ್ಜಿಗೆ ಚಳಿ ಬಂತು. ಮೈ ಮುಟ್ಟಿದರೆ ಜ್ವರ ಅಷ್ಟಾಗಿ ಕಾಣಲಿಲ್ಲ. ಆದರೆ ಮೊಮ್ಮಗನ ಹೆಸರನ್ನೇ ಅಜ್ಜಿ ತಪ್ಪಿ ಕರೆದಳು. “ವಯಸ್ಸಾಯ್ತಲ್ಲ, ಅರಳು ಮರಳು” ಎಂದ ಮಗ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಂದಳು. ಗಂಡಸರನ್ನು ಹೊರಗೆ ಕಳಿಸಿ ಕೇಳಿದಳು: “ಅಜ್ಜಿ, ಒಂದಕ್ಕೆ ಹೋದ್ರೆ ಉರೀತದಾ?”

“ನಾಕು ದಿನದಿಂದ ಉರಿ ಕಣವ್ವ. ಗಂಡುಮಕ್ಕಳ ಮುಂದೆ ಹೆಂಗೆ ಹೇಳ್ಲಿ? ರಾತ್ರಿ ಏಳೋದು ತಪ್ಪಲಿ ಅಂತ ನೀರೂ ಕುಡೀಲಿಲ್ಲ.”

ಅಜ್ಜಿಯನ್ನು ಅಂದೇ ಆಸ್ಪತ್ರೆಗೆ ಸೇರಿಸಿದರು. ಮೂತ್ರದಲ್ಲಿ ನಂಜು ಇತ್ತು. ಸಕ್ಕರೆಯೂ ಏರಿತ್ತು. ಔಷಧಿಯಿಂದ ಅಜ್ಜಿ ಗುಣವಾದಳು. ಇನ್ನೂ ತಡ ಮಾಡಿದ್ದರೆ ನಂಜು ರಕ್ತಕ್ಕೆ ಏರಬಹುದಿತ್ತು. ಆಗ ಜೀವಕ್ಕೇ ಅಪಾಯ.

ನೋವು ಯಾಕೆ ತಿಳಿಯಲಿಲ್ಲ?

ನಂಜು ಎಂದರೆ ಸೋಂಕು. ರಕ್ತದಲ್ಲಿರುವ ಬಿಳಿ ಕಣಗಳು ಸೋಂಕಿನ ಜೊತೆ ಹೋರಾಡುತ್ತವೆ. ಸಕ್ಕರೆ ಹೆಚ್ಚಿದರೆ ಅವುಗಳ ಬಲ ಕುಗ್ಗುತ್ತದೆ. ಸಕ್ಕರೆ ಕಾಯಿಲೆ ಹಳೆಯದಾದರೆ ನರಗಳೂ ಸೊರಗುತ್ತವೆ. ಆಗ ಒಳಗಿನ ನೋವು ಸರಿಯಾಗಿ ತಿಳಿಯುವುದಿಲ್ಲ. ವಯಸ್ಸಾದವರಿಗೆ ಜ್ವರವೂ ಹೆಚ್ಚು ಏರದೆ ಇರಬಹುದು. 100 ಡಿಗ್ರಿ ಇದ್ದರೂ ಹಗುರ ಮಾಡಬೇಡಿ. ನೋವು ಸಣ್ಣದು ಎಂದರೆ ಕಾಯಿಲೆ ಸಣ್ಣದು ಎಂದಲ್ಲ.

ಅಜ್ಜಿ ಉಣ್ಣದಿದ್ದರೂ ಸಕ್ಕರೆ ಏಕೆ ಏರಿತು? ನಂಜು ಬಂದಾಗ ನಮ್ಮ ದೇಹವೇ ರಕ್ತಕ್ಕೆ ಹೆಚ್ಚು ಸಕ್ಕರೆ ಬಿಡುತ್ತದೆ.

ಈ ಗುರುತು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ

1. ಮೂತ್ರ ಉರಿ, ಕೆಟ್ಟ ವಾಸನೆ, ಕೆಳಹೊಟ್ಟೆ ನೋವು. ಸೊಂಟದ ಮೇಲೆ ಪಕ್ಕೆ ನೋವು, ಚಳಿಜ್ವರ.
2. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಜ್ವರ, ಕಣ್ಣು ಹಳದಿ. ಇದು ಪಿತ್ತಕೋಶದ ನಂಜು ಇರಬಹುದು.
3. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿಯುವ ನೋವು.

ಈ ಗುರುತು ಕಂಡರೆ ಒಂದು ಗಳಿಗೆಯೂ ಕಾಯಬೇಡಿ

1. ಇದ್ದಕ್ಕಿದ್ದಂತೆ ಮಾತು ತಪ್ಪುವುದು, ಮಂಕಾಗುವುದು.
2. ನಿಲ್ಲದ ವಾಂತಿ. ಜೋರು ಉಸಿರಾಟ. ಬಾಯಲ್ಲಿ ಕಳಿತ ಹಣ್ಣಿನ ವಾಸನೆ.
3. ಹೊಟ್ಟೆ ಹಲಗೆಯಂತೆ ಗಟ್ಟಿಯಾಗುವುದು. ಮೂತ್ರ ನಿಂತುಹೋಗುವುದು.
4. ಮೇಲ್ಹೊಟ್ಟೆಯಲ್ಲಿ ಸಂಕಟ, ತಣ್ಣನೆ ಬೆವರು. ವಾಯು ಎಂದುಕೊಂಡದ್ದು ಹೃದಯಾಘಾತವೂ ಇರಬಹುದು.

108ಕ್ಕೆ ಫೋನ್ ಮಾಡಿ. ಆ ಆಂಬುಲೆನ್ಸಿಗೆ ದುಡ್ಡು ಕೊಡಬೇಕಿಲ್ಲ.

ಮಂಕು ಕವಿಯಲು ಸಕ್ಕರೆ ಇಳಿದಿರುವುದೂ ಕಾರಣ ಇರಬಹುದು. ಮಾತ್ರೆ ನುಂಗಿ ಊಟ ಬಿಟ್ಟರೆ ಹೀಗಾಗುತ್ತದೆ. ಬೆವರು, ನಡುಕ ಬರುತ್ತದೆ. ಎಚ್ಚರವಿದ್ದು ನುಂಗಲು ಆದರೆ 3 ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಇವನ್ನು ಮಾಡಬೇಡಿ

ಹೊಟ್ಟೆಗೆ ಬಿಸಿ ಇಟ್ಟಿಗೆಯ ಶಾಖ ಕೊಡಬೇಡಿ. ನರ ಸೊರಗಿದವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಬರೆ ಹಾಕಬೇಡಿ. ಭೇದಿ ಮಾತ್ರೆ ಕೊಡಬೇಡಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ. ಅದು ಮೂತ್ರಪಿಂಡಕ್ಕೆ ಕೆಡುಕು ಮಾಡಬಹುದು.

“ಊಟ ಇಲ್ಲ, ಇನ್ಸುಲಿನ್ ಯಾಕೆ?” ಎಂದು ಸೂಜಿಯನ್ನು ನೀವೇ ನಿಲ್ಲಿಸಬೇಡಿ. ವಾಂತಿ ಇದ್ದರೆ, ಊಟ ಸೇರದಿದ್ದರೆ, ಸೂಜಿ ಎಷ್ಟು, ಯಾವ ಮಾತ್ರೆ ಬೇಕು, ಯಾವುದು ಬೇಡ ಎಂದು ಅಂದೇ ಡಾಕ್ಟರನ್ನು ಕೇಳಿ.

ಒಂದು ಚೀಟಿ ಬರೆಯಿರಿ

ನೀವು ಈಗ ಅಕ್ಷರ ಬಲ್ಲವರು. ಆಸ್ಪತ್ರೆಗೆ ಹೋಗುವಾಗ ಗಾಬರಿಯಲ್ಲಿ ಎಲ್ಲಾ ಮರೆತುಹೋಗುತ್ತದೆ. ಅದಕ್ಕೇ ಬರೆದುಕೊಂಡು ಹೋಗಿ. ಚೀಟಿ ಹೀಗಿರಲಿ:

ವಯಸ್ಸು: 70
ಸಕ್ಕರೆ ಕಾಯಿಲೆ: 12 ವರ್ಷದಿಂದ
ಹೊಟ್ಟೆ ಸಂಕಟ: 2 ದಿನದಿಂದ
ಮೂತ್ರ ಉರಿ: 4 ದಿನದಿಂದ
ಕೊನೆಯ ಊಟ: ನಿನ್ನೆ ಮಧ್ಯಾಹ್ನ
ಕೊನೆಯ ಮಾತ್ರೆ: ಇಂದು ಬೆಳಿಗ್ಗೆ

ಮಾತ್ರೆಯ ಹಾಳೆಯನ್ನೂ ಜೊತೆಗೆ ಒಯ್ಯಿರಿ. ಡಾಕ್ಟರಿಗೆ ಕೆಲಸ ಸುಲಭ.

ಅಭ್ಯಾಸ

1. ಅಜ್ಜಿ ಮೂತ್ರ ಉರಿಯನ್ನು ಯಾಕೆ ಮುಚ್ಚಿಟ್ಟಳು? ನಿಮ್ಮ ಕೇಂದ್ರದಲ್ಲಿ ಮಾತಾಡಿ.
2. ಸರಿಯೋ ತಪ್ಪೋ ಹೇಳಿ: ಜ್ವರ ಇಲ್ಲದಿದ್ದರೆ ನಂಜು ಇಲ್ಲ.
3. ಈ ಪದಗಳನ್ನು ಬರೆಯಿರಿ: ಸೋಂಕು, ಮೂತ್ರಪಿಂಡ, ಪಿತ್ತಕೋಶ.
4. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರು ಇದ್ದಾರೆಯೇ? ಇಂದು ರಾತ್ರಿ ಅವರ ಪಕ್ಕದಲ್ಲಿ ಕೂತು ಕೇಳಿ: “ಒಂದಕ್ಕೆ ಸರಿಯಾಗಿ ಹೋಗ್ತಾ ಇದೆಯಾ? ನೀರು ಎಷ್ಟು ಕುಡಿದ್ರಿ?” ಅವರ ಮಾತ್ರೆಗಳ ಹೆಸರು ಓದಿ, ಒಂದು ಚೀಟಿಯಲ್ಲಿ ಬರೆದಿಡಿ.